ಇನ್ನೂರ ಹನ್ನೆರಡನೇ ಬೆಸುಗೆ

"ದೀಪ ಹಾಕಿ ತಾತ," ಎಂದಳು ಪೊಲೀಸ್ ಇನ್ಸ್‌ಪೆಕ್ಟರ್, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತ.

ಫಿಲ್ಮ್ ನೋಡುವ ಕೋಣೆಯ ಬೆಳಕಿನ ಪೆಟ್ಟಿಗೆ ಎರಡು ಸಲ ಮಿಟುಕಿ ಹತ್ತಿಕೊಂಡಿತು. ಅದರ ಹಾಲುಬಣ್ಣದ ಗಾಜಿನ ಮೇಲೆ ಎರಡು ಎಕ್ಸ್‌ರೇ ಫಿಲ್ಮ್‌ಗಳು, ಒಂದರ ಕೆಳಗೊಂದು. ಒಂದೊಂದೂ ಗೇಣುದ್ದ, ನಾಲ್ಕು ಬೆರಳಗಲ.

ದೀಪ ಹಾಕಿದವನು ಹಡಗುಕಟ್ಟೆಯ ಹಳೆಯ ವೆಲ್ಡರ್. ಮೂವತ್ತೆಂಟು ವರ್ಷ ಬೆಂಕಿಯ ಎದುರು ಕೂತು ರೆಪ್ಪೆಗೂದಲು ಉದುರಿಹೋಗಿದ್ದ ಅವನನ್ನು ಎಲ್ಲರೂ ಕಿಡಿತಾತ ಎನ್ನುತ್ತಿದ್ದರು. ಅವನ ಪಕ್ಕ ಗೋಡೆಗೊರಗಿ ನಿಂತಿದ್ದವಳು ಜಲಾಂತರ್ಗಾಮಿಯ ಮೈಗೆ ರಬ್ಬರ್ ಬಿಲ್ಲೆ ಅಂಟಿಸುವ ಹೆಂಗಸು, ರಬ್ಬರಕ್ಕ. ಅವಳ ಉಗುರಿನ ಸಂದಿಯ ಕಪ್ಪು ಅಂಟು ಮದುವೆಯ ದಿನವೂ ಹೋಗಿರಲಿಲ್ಲವಂತೆ.

ಆರು ದಿನದ ಹಿಂದೆ ಅವಳ ತಮ್ಮ, ಗುತ್ತಿಗೆಯ ಎಕ್ಸ್‌ರೇ ಕೆಲಸಗಾರ, ಡಾಕಿನ ಅಟ್ಟಣಿಗೆಯಿಂದ ಬಿದ್ದು ಸತ್ತಿದ್ದ. 'ಕಾಲು ಜಾರಿ' ಎಂದು ಆಡಳಿತ ಬರೆಯಿತು. ಅವನ ಪಾಸು ಮಾತ್ರ ಆ ಹೊತ್ತಿಗೆ ಗೇಟಿನ ಹಲಗೆಯಲ್ಲಿ ನೇತಾಡುತ್ತಿತ್ತು. ಅಂದರೆ ಲೆಕ್ಕದಲ್ಲಿ ಅವನು ಮನೆಗೆ ಹೋಗಿಯಾಗಿತ್ತು. ಮನೆಗೆ ಹೋದವನು ಅಟ್ಟಣಿಗೆಯಿಂದ ಬಿದ್ದದ್ದು ಹೇಗೆ ಎಂದು ಯಾರೂ ಬರೆಯಲಿಲ್ಲ.

"ಈ ಫಿಲ್ಮ್ ಎಲ್ಲಿ ಸಿಕ್ತು ಅಂದ್ರಿ?" ಇನ್ಸ್‌ಪೆಕ್ಟರ್ ರಬ್ಬರಕ್ಕನನ್ನು ಕೇಳಿದಳು.

"ಉಗ್ರಾಣದಲ್ಲಿ ಮೇಡಂ. ಬಿಲ್ಲೆಗಳ ಕೊನೇ ಕಟ್ಟು ಇವತ್ತು ಬೆಳಿಗ್ಗೆ ಬಿಚ್ಚಿದೆ. ಎರಡು ಬಿಲ್ಲೆ ಮಧ್ಯೆ ಇಟ್ಟಿದ್ದ. ಆ ಕಟ್ಟಿಗೆ ನನ್ ಕೈ ಬಿಟ್ರೆ ಬೇರೆ ಯಾರ ಕೈಯೂ ಹೋಗಲ್ಲ ಅಂತ ಅವನಿಗೆ ಗೊತ್ತಿತ್ತು."

ಕಿಡಿತಾತ ಕನ್ನಡಕ ಏರಿಸಿ ಗಾಜಿಗೆ ಮೂಗು ತಾಗುವಷ್ಟು ಬಾಗಿದ. ಬಾಗಿದವನು ಎದ್ದೇಳಲಿಲ್ಲ.

"ಇದು ನನ್ನದೇ," ಎಂದ.

"ಏನು ನಿಮ್ಮದು?"

"ಬೆಸುಗೆ. ಇಲ್ನೋಡಿ, ಅಂಚಲ್ಲಿ ಸೀಸದ ಅಂಕಿ. ಜಾಯಿಂಟು ಇನ್ನೂರ ಹನ್ನೆರಡು. ವೆಲ್ಡರು ಹದಿನೇಳು. ಹದಿನೇಳು ಅಂದ್ರೆ ನಾನು. ಅಂಕಿ ಇಲ್ದೆ ಇದ್ರೂ ಹೇಳ್ತಿದ್ದೆ. ಸ್ವಂತ ಕೈಬರಹ ಯಾರಿಗೆ ಗೊತ್ತಾಗಲ್ಲ?"

"ಜಲಾಂತರ್ಗಾಮಿ ಬೋಟಲ್ಲಿ ಎಲ್ಲಿ ಬರತ್ತೆ ಇದು?"

"ಹೊಟ್ಟೆ ಕೆಳಗೆ. ಸಮುದ್ರದ ನೀರು ಒಳಗೆ ಎಳ್ಕೊಳ್ಳೋ ಬಾಯಿ." ತಾತ ಎರಡು ತೋಳನ್ನೂ ಸೇರಿಸಿ ಉಂಗುರ ಮಾಡಿದ. "ಒಳಗಿರೋ ಅಣು ಒಲೆ ನೀರು ಕಾಯ್ಸತ್ತೆ. ಆವಿ ಹೋಗಿ ಟರ್ಬೈನು ತಿರುಗ್ಸತ್ತೆ. ತಿರುಗ್ಸಿ ದಣಿದ ಆವೀನ ಮತ್ತೆ ನೀರು ಮಾಡ್ಬೇಕಲ್ಲ, ಅದಕ್ಕೆ ತಣ್ಣೀರು ಬೇಕು. ಡೀಸೆಲ್ ಬೋಟಿಗೆ ಇಷ್ಟು ದೊಡ್ಡ ತೂತು ಬೇಕಾಗಲ್ಲ. ಇದಕ್ಕೆ ಬಾಯಾರಿಕೆ ಜಾಸ್ತಿ. ಆ ಬಾಯಿಗೆ ಸುತ್ತ ಬಳೆ ಹಾಕಿ ಮೈಗೆ ಬೆಸೆದಿರೋದು ಇದೇ ಜಾಯಿಂಟು."

ಮೇಲಿನ ಫಿಲ್ಮ್ ಶುಭ್ರವಾಗಿತ್ತು. ಕೆಳಗಿನದರಲ್ಲಿ ಬೆಸುಗೆಯ ಅಂಚಿಗೆ ಒಂದು ಗೆರೆ, ಸ್ನಾನದ ಕಲ್ಲಿಗೆ ಅಂಟಿದ ಕೂದಲಿನ ಹಾಗೆ. ಎಡದಿಂದ ಹೊರಟು ಎರಡು ಕಡೆ ಮುರಿದು, ಕೊನೆಯಲ್ಲಿ ಕವಲೊಡೆದಿತ್ತು.

ಇನ್ಸ್‌ಪೆಕ್ಟರ್ ಸೀಸದ ಅಂಕಿಗಳನ್ನೇ ಓದಿದಳು. ಓದು ಬರುವ ಜಾಗದಿಂದ ಶುರುಮಾಡುವುದು ಅವಳ ಅಭ್ಯಾಸ.

"ಮೇಲಿನದು ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಹನ್ನೆರಡು. ಕೆಳಗಿನದು ಹದಿನಾರು, ಸಂಜೆ ಐದು. ಒಂದೇ ಜಾಯಿಂಟಿಗೆ ಎರಡು ಫಿಲ್ಮ್ ಯಾಕೆ?"

ತಾತ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

"ತಾತ, ನೀವು ಬೆಸುಗೆ ಮುಗಿಸಿದ್ದು ಯಾವಾಗ?"

"ಹದಿನಾಲ್ಕು. ಬೆಳಿಗ್ಗೆ ಆರು."

"ಆರು ಗಂಟೆ ಅಂತರ. ಕಡಿಮೆಯಾ?"

"ಮೇಡಂ, ಈ ಉಕ್ಕು ಬಾಣಂತಿ ಇದ್ದ ಹಾಗೆ. ಬೆಚ್ಚಗಿಡ್ಬೇಕು. ಬೆಸೆಯೋಕೆ ಮುಂಚೆ ಹೀಟರು ಕಟ್ಟಿ ಕಾಯಿಸ್ಬೇಕು, ಬೆಸೆದ ಮೇಲೂ ಕಂಬಳಿ ಹೊದಿಸಿ ನಿಧಾನಕ್ಕೆ ಆರಿಸ್ಬೇಕು. ಇಲ್ಲಾಂದ್ರೆ ಒಳಗೊಳಗೇ ಸೀಳತ್ತೆ. ಮೋಸ ಇರೋದು ಏನ್ ಗೊತ್ತಾ? ತಕ್ಷಣ ಸೀಳಲ್ಲ. ಒಂದು ದಿನ, ಒಂದೂವರೆ ದಿನ ಬಿಟ್ಟು ಸೀಳತ್ತೆ. ಅದಕ್ಕೇ ನಮ್ಮಲ್ಲಿ ನಲವತ್ತೆಂಟು ಗಂಟೆ ಸೂತಕ ಅಂತೀವಿ. ಅಷ್ಟು ಹೊತ್ತು ಜಾಯಿಂಟನ್ನ ಯಾರೂ ಮುಟ್ಟಲ್ಲ, ಫಿಲ್ಮ್ ತೆಗೆಯಲ್ಲ."

"ಹಾಗಾದ್ರೆ ಮೊದಲನೇ ಫಿಲ್ಮ್ ಸುಳ್ಳು."

"ಸುಳ್ಳಲ್ಲ. ಅದೇ ಸಂಕಟ. ಅವತ್ತು ಮಧ್ಯಾಹ್ನ ಬಿರುಕು ಇನ್ನೂ ಹುಟ್ಟೇ ಇರ್ಲಿಲ್ಲ."

ರಬ್ಬರಕ್ಕ ಗೋಡೆ ಬಿಟ್ಟು ಮುಂದೆ ಬಂದಳು. "ಹೀಟರು ಯಾಕೆ ಕಟ್ಟಲಿಲ್ಲ ತಾತ?"

"ಕಟ್ಟಿದ್ದೆ ತಾಯಿ. ಬಿಚ್ಚಿದ್ರು. ಹದಿನೇಳಕ್ಕೆ ಬೋಟು ಹಸ್ತಾಂತರದ ಸಮಾರಂಭ, ದೊಡ್ಡವರು ಬರ್ತಾರೆ, ವೇದಿಕೆಗೆ ಏಸಿ. ನಾನು ಬೆಸೀಬೇಕಾದ ಹೊತ್ತಿಗೇ ಏಸಿ ತಾಲೀಮು. ಡಾಕಿನ ಕರೆಂಟು ಎರಡಕ್ಕೂ ಸಾಲಲ್ಲ ಅಂತ ನನ್ ಹೀಟರಿನ ವೈರು ಕಿತ್ತು ಅಲ್ಲಿಗೆ ಕೊಟ್ರು. ಉಕ್ಕು ನಡುಗ್ತಾ ಇತ್ತು, ಖಾಲಿ ಕುರ್ಚಿಗಳು ತಣ್ಣಗೆ ಕೂತಿದ್ವು. ನಾನು ಆಗಲ್ಲ ಅಂದೆ. ಫೋರ್‌ಮನ್ ಕೇಳ್ದ: 'ಬೆಸೀತೀಯೋ, ಪಾಸು ಬಿಚ್ಚಿಡ್ತೀಯೋ?'"

"ಬೆಸೆದ್ರಿ."

"ಬೆಸೆದೆ."

ಗುತ್ತಿಗೆಯವರ ಪಾಸು ಪ್ರತಿ ಶನಿವಾರ ಹೊಸದಾಗುತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಆ ಮುದುಕ ಎಷ್ಟು ಶನಿವಾರ ಉಸಿರು ಬಿಗಿಹಿಡಿದು ಸರತಿಯಲ್ಲಿ ನಿಂತಿದ್ದನೋ! ಮೈಯಲ್ಲಿ ಬೆನ್ನುಮೂಳೆಯೇ ಇಲ್ಲದಂತೆ ಮಾಡುವುದಕ್ಕೆ ಚಾಟಿ ಬೇಕಿಲ್ಲ, ಒಂದು ತುಂಡು ರಟ್ಟು ಸಾಕು.

"ನನ್ ತಮ್ಮಂಗೆ ಹದಿನಾರಕ್ಕೇ ಗೊತ್ತಿತ್ತು," ರಬ್ಬರಕ್ಕನ ದನಿ ಸೀಳಿತು. "ಅವನ ಭಾವ ಅದೇ ಬೋಟಲ್ಲಿ ಹೋಗ್ತಾರೆ ಅಂತಾನೂ ಗೊತ್ತಿತ್ತು. ಸುಮ್ನೆ ಇದ್ನಾ?"

"ಇರ್ಲಿಲ್ಲ ತಾಯಿ. ಎರಡನೇ ಫಿಲ್ಮ್ ಹಿಡ್ಕೊಂಡು ಮೇಲಕ್ಕೆ ಹೋಗಿದ್ದ. ಬೋಟು ಹೊರಡೋಕೆ ಮುಂಚೆ ಕಡಿದು ಮತ್ತೆ ಬೆಸೀತೀವಿ ಅಂದ್ರಂತೆ. ನಂಬಿದ. ಕಡಿಯೋಕೆ ನನ್ನನ್ನೇ ಕರೀಬೇಕಿತ್ತು. ಯಾರೂ ಕರೀಲಿಲ್ಲ. ಇನ್ಯಾರ ಕೈಲೋ ಮಾಡ್ಸಿರ್ತಾರೆ ಅಂದ್ಕೊಂಡೆ." ಅವನು ಕನ್ನಡಕ ಹಾಕಿಕೊಂಡ. "ಅಂದ್ಕೊಳ್ಳೋದು ಸುಲಭ ಇತ್ತು."

ಬೋಟು ಹೊರಟು ಹನ್ನೊಂದು ದಿನ. ಒಳಗೆ ತೊಂಬತ್ತೇಳು ಜನ. ಅವರಲ್ಲೊಬ್ಬ ರಬ್ಬರಕ್ಕನ ಗಂಡ, ಬೋಟಿನ ಅಡುಗೆಯವನು. ಇಂದು ಸಂಜೆ ನಾಲ್ಕಕ್ಕೆ ಅದರ ಅತಿ ಆಳದ ಮುಳುಗು ಪರೀಕ್ಷೆ: ನಾನೂರು ಮೀಟರ್.

"ಅಷ್ಟು ಆಳದಲ್ಲಿ ಈ ಗೆರೆ ಏನಾಗತ್ತೆ?"

ತಾತ ತನ್ನ ಸುಟ್ಟಕಲೆಯ ಅಂಗೈ ಬಿಚ್ಚಿ ತೋರಿಸಿದ. "ಇಷ್ಟು ಜಾಗದ ಮೇಲೆ ನಾಲ್ಕು ಟನ್ ನೀರು ಕೂರತ್ತೆ ಮೇಡಂ. ಗೆರೆ ಅಲ್ಲ ಅದು. ಬಾಗಿಲು."

ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು.

* * *

ಹಡಗುಕಟ್ಟೆಯ ಮುಖ್ಯಸ್ಥರ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಮಾರುದ್ದದ ಜಲಾಂತರ್ಗಾಮಿಯಿತ್ತು. ಒಂದು ಪಕ್ಕೆ ಸೀಳಿ ಒಳಗಿನದೆಲ್ಲ ಕಾಣುವ ಹಾಗೆ ಮಾಡಿದ ಮಾದರಿ. ಕೆಲಸಗಾರರು ಅವರನ್ನು ಸಾಹೇಬರು ಎನ್ನುತ್ತಿದ್ದರು, ಬೆನ್ನ ಹಿಂದೆಯೂ. ಅಷ್ಟು ಹೆದರಿಕೆ.

ಕಿಡಿತಾತನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಇನ್ಸ್‌ಪೆಕ್ಟರ್ ಒಳಗೆ ಹೋದಳು. ರಬ್ಬರಕ್ಕ ಅವಳ ಹಿಂದೆ. ಸಾಹೇಬರು ಇನ್ಸ್‌ಪೆಕ್ಟರಿಗೆ ಕುರ್ಚಿ ತೋರಿಸಿದರು. ರಬ್ಬರಕ್ಕನಿಗೆ ತೋರಿಸಲಿಲ್ಲ.

ಅಷ್ಟರಲ್ಲಿ ಮೇಜಿನ ಮೇಲಿನ ಬಿಳಿ ಫೋನು ರಿಂಗಾಯಿತು. ಅದರ ಹಣೆಯ ಮೇಲೊಂದು ಹಸಿರು ದೀಪ ಹತ್ತಿಕೊಂಡಿತು. ಸಾಹೇಬರು ಎದ್ದು ನಿಂತು ಎತ್ತಿಕೊಂಡರು.

"ಹೌದು ಸರ್. ಇಲ್ಲ ಸರ್. ಇಲ್ಲೇ ಇದ್ದಾರೆ ಸರ್."

ಇಟ್ಟರು. ದೀಪ ಆರಿತು.

"ನೌಕಾಪಡೆ ಕಮಾಂಡಿನ ನೇರ ಲೈನು," ಎಂದು ನಕ್ಕರು. "ಹೇಳಿ ಇನ್ಸ್‌ಪೆಕ್ಟರ್, ಅಪಘಾತದ ಫೈಲು ಇನ್ನೂ ಮುಚ್ಚಿಲ್ವಾ?"

"ಬೋಟನ್ನು ಮೇಲೆ ಕರೆಸಿ ಸರ್. ಈಗಲೇ."

ಅವಳು ಎರಡು ಫಿಲ್ಮ್‌ಗಳ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಸಾಹೇಬರು ಕೇಳಿಸಿಕೊಂಡು ಗಾಜಿನ ಪೆಟ್ಟಿಗೆಯ ಹತ್ತಿರ ಹೋದರು, ಮೊಮ್ಮಗನ ಫೋಟೋ ತೋರಿಸುವವರ ಹಾಗೆ.

"ಇದನ್ನ ಕರೆಸೋದು ಅಂದ್ರೆ ಏನು ಗೊತ್ತಾ ನಿಮಗೆ? ಇಪ್ಪತ್ತೈದು ವರ್ಷ ಇದಕ್ಕೆ ಇಂಧನ ತುಂಬೋ ಅಗತ್ಯ ಇಲ್ಲ. ಉಸಿರಾಟಕ್ಕೆ ಮೇಲೆ ಬರಬೇಕಾಗಿಲ್ಲ, ಸಮುದ್ರದ ನೀರಿಂದಾನೇ ಗಾಳಿ ಮಾಡ್ಕೊಳ್ಳತ್ತೆ. ಶತ್ರುವಿನ ಹಡಗಿನ ಬೆನ್ನಿಗೆ ತಿಂಗಳುಗಟ್ಟಲೆ ಅಂಟಿಕೊಂಡು ಹೋಗಬಲ್ಲದು, ಅವನಿಗೆ ಗೊತ್ತೇ ಆಗಲ್ಲ. ನೋಡಿ, ಎಂಜಿನ್ನು ಟರ್ಬೈನು ಎಲ್ಲಾ ಒಂದೇ ತೆಪ್ಪದ ಮೇಲೆ ಕೂರ್ಸಿದೀವಿ, ತೆಪ್ಪದ ಕೆಳಗೆ ರಬ್ಬರು. ಸದ್ದು ಮೈಗೆ ದಾಟಲ್ಲ. ಹೊರಗೂ ರಬ್ಬರು, ಹುಡುಕೋಕೆ ಶತ್ರು ಬಿಟ್ಟ ಸದ್ದು ತಾಗಿ ವಾಪಸ್ ಹೋಗಲ್ಲ."

"ಗೊತ್ತು ಸಾಹೇಬ್ರೆ," ಎಂದಳು ರಬ್ಬರಕ್ಕ. "ಅಂಟಿಸಿದ್ದು ನಾನೇ."

ಅವರು ಅವಳ ಕಡೆ ತಿರುಗಲಿಲ್ಲ.

"ನಮ್ಮದೇ ಹಡಗು ನಾಲ್ಕು ದಿನದಿಂದ ಇದನ್ನ ಹುಡುಕ್ತಾ ಇದೆ, ಇನ್ಸ್‌ಪೆಕ್ಟರ್. ಸಿಕ್ಕಿಲ್ಲ. ಅದೇ ನಮ್ಮ ಪರೀಕ್ಷೆ, ಅದೇ ಗೆಲುವು."

"ನಮ್ಮನೆಯವರು ಹೇಳ್ತಿದ್ರು," ರಬ್ಬರಕ್ಕ ಬಿಡಲಿಲ್ಲ. "ಈ ಬೋಟನ್ನ ಮೇಲೆ ತರೋ ತಾಕತ್ತು ಇರೋದು ನನ್ನ ಅಡುಗೆಮನೆಗೆ ಮಾತ್ರ ಅಂತ. ರೇಷನ್ ಮುಗಿದ್ರೆ ಬರ್ಬೇಕಲ್ಲ. ತೊಂಬತ್ತು ದಿನಕ್ಕೆ ತುಂಬ್ಕೊಂಡು ಹೋಗಿದ್ದಾರೆ."

ಯಾರೂ ನಗಲಿಲ್ಲ. ಎಷ್ಟು ಬುದ್ಧಿ ಖರ್ಚುಮಾಡಿ, ಎಷ್ಟು ಸಾವಿರ ಕೈಗಳನ್ನು ಸುಟ್ಟು, ಯಾರ ಕೂಗಿಗೂ ಓಗೊಡದ ಒಂದು ವಸ್ತುವನ್ನು ಕಟ್ಟಿದ್ದರು! ಈಗ ಒಂದು ಕೂಗು ಬೇಕಾಗಿತ್ತು.

"ಬೋಟು ಮಾತಾಡಲ್ಲ, ಒಪ್ಪಿದೆ," ಎಂದಳು ಇನ್ಸ್‌ಪೆಕ್ಟರ್. "ಕೇಳಿಸಿಕೊಳ್ಳತ್ತಾ?"

ಸಾಹೇಬರು ಗೋಡೆಯ ಗಡಿಯಾರ ನೋಡಿದರು. "ಕೇಳಿಸಿಕೊಳ್ಳತ್ತೆ. ಬಾಲದ ಹಾಗೆ ಉದ್ದ ತಂತಿ ಬಿಟ್ಟಿರತ್ತೆ. ಇವತ್ತು ಹನ್ನೆರಡೂ ಐವತ್ತರಿಂದ ಒಂದು ಗಂಟೆವರೆಗೆ, ಅಷ್ಟೇ. ಆಮೇಲೆ ಆಳಕ್ಕೆ ತಯಾರಾಗೋಕೆ ತಂತಿ ಸುತ್ತಿಬಿಡ್ತಾರೆ. ನೀರೊಳಗೆ ಅಕ್ಷರ ಆಮೆ ನಡಿಗೆಯಲ್ಲಿ ಹೋಗೋದು. 'ಮೇಲೆ ಬಾ' ಅನ್ನೋಕೇ ಎರಡು ನಿಮಿಷ ಪೂರ್ತಿ ಬೇಕು."

"ಕಳ್ಸಿ."

"ಯಾವ ಆಧಾರದ ಮೇಲೆ? ಕದ್ದ ಫಿಲ್ಮ್? ಅದು ರಹಸ್ಯ ದಾಖಲೆ. ಅದನ್ನ ಬಚ್ಚಿಟ್ಟವನು ಕಳ್ಳ, ತಂದುಕೊಟ್ಟವಳು..." ಈಗ ಮಾತ್ರ ಅವರು ರಬ್ಬರಕ್ಕನನ್ನು ನೋಡಿದರು. "ಆ ಜಾಯಿಂಟನ್ನ ಕಡಿದು ಮತ್ತೆ ಬೆಸೆದಿದೀವಿ. ಬಿರುಕು ಹೋಗಿದೆ. ಮಾಡ್ತೀವಿ ಅಂತ ಆ ಹುಡುಗನಿಗೂ ಹೇಳಿದ್ದೆ."

"ಎಷ್ಟನೇ ತಾರೀಖು ಹೇಳಿದ್ರಿ?"

"ಹದಿನಾರು."

"ಆಮೇಲೆ ಅವನನ್ನ ನೋಡಲೇ ಇಲ್ವಾ?"

"ಇಲ್ಲ."

ರಬ್ಬರಕ್ಕ ಅವರ ಮಾತು ಕೇಳುತ್ತಿರಲಿಲ್ಲ. ಕೂರಲು ಹೇಳಿರದ ಕಾರಣ ನಿಂತೇ ಇದ್ದಳು. ನಿಂತವಳಿಗೆ ಕೂತವರಿಗೆ ಕಾಣದ್ದು ಕಾಣುತ್ತದೆ. ಮೂಲೆಯ ಸ್ಟೂಲಿನ ಮೇಲೆ ಚಹಾದ ಫ್ಲಾಸ್ಕು, ಎರಡು ಕಪ್ಪು. ಅವುಗಳ ಕೆಳಗೆ ಚಾಪೆಯ ಹಾಗೆ ಹಾಸಿದ ಒಂದು ಚೌಕ ಕರಿ ರಬ್ಬರು. ಅದರ ಒಂದು ಮೂಲೆಯನ್ನು ಅರ್ಧಚಂದ್ರದ ಹಾಗೆ ಕತ್ತರಿಸಿದ್ದರು.

ಅವಳು ನಡೆದುಹೋಗಿ ಫ್ಲಾಸ್ಕನ್ನೂ ಕಪ್ಪುಗಳನ್ನೂ ನೆಲದ ಮೇಲಿಟ್ಟಳು.

"ಏಯ್, ಏನು ಮಾಡ್ತಿದೀಯ?"

"ಇಡೀ ಬೋಟಲ್ಲಿ ಮೂಲೆ ಕತ್ತರಿಸಿದ ಬಿಲ್ಲೆ ನಾಲ್ಕೇ ನಾಲ್ಕು ಮೇಡಂ," ಎಂದಳು ರಬ್ಬರಕ್ಕ, ಬಿಲ್ಲೆಯನ್ನು ಎದೆಗವಚಿಕೊಂಡು. "ನೀರಿನ ಬಾಯಿ ಸುತ್ತ. ಚಾಕು ಹಿಡಿದು ಕತ್ತರಿಸಿದ್ದು ಈ ಕೈ. ಇದು ಸಮುದ್ರದೊಳಗೆ ಇರ್ಬೇಕಾದ್ದು. ಇಲ್ಲಿ ಚಹಾ ಕುಡೀತಾ ಕೂತಿದೆ."

ಬಿಲ್ಲೆಯನ್ನು ತಿರುಗಿಸಿದಳು. ಬೆನ್ನಿಗೆ ಅಂಟು, ಅಂಟಿನಲ್ಲಿ ಜೋಡಿ ಹೆಬ್ಬೆರಳಿನ ಒತ್ತು. ಅಂಟಿಸುವವರು ಪ್ರತಿಯೊಬ್ಬರೂ ಹಸಿ ಅಂಟಿನಲ್ಲಿ ತಮ್ಮ ಗುರುತು ಒತ್ತುವ ರೂಢಿ, ಇದು ಅವಳದು. ಅಂಟಿನ ಜೊತೆ ಉಕ್ಕಿನ ಮೇಲಿನ ಬಣ್ಣವೂ ಕಿತ್ತು ಬಂದಿತ್ತು. ಆ ಬೂದುಬಣ್ಣದ ಮೇಲೆ ತುಕ್ಕಿನ ಕೆಂಪು ಗೆರೆ.

ಇನ್ಸ್‌ಪೆಕ್ಟರ್ ಫೈಲಿನಿಂದ ಎರಡನೆಯ ಫಿಲ್ಮ್ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಒಮ್ಮೆ ಮಗುಚಿ, ಬಿಲ್ಲೆಯ ಪಕ್ಕಕ್ಕೆ ತಂದಳು. ಈಗ ಎರಡರಲ್ಲೂ ಬಲದಿಂದ ಹೊರಟ ಗೆರೆ. ಎರಡು ಕಡೆ ಮುರಿತ. ಕೊನೆಯಲ್ಲಿ ಕವಲು.

ಉಗುರಿನಷ್ಟೂ ವ್ಯತ್ಯಾಸವಿರಲಿಲ್ಲ.

"ಕಡಿದು ಬೆಸೆದಿದ್ದರೆ ಅದೇ ಬಿರುಕು ಮತ್ತೆ ಹುಟ್ಟಲ್ಲ ಸರ್," ಎಂದಳು. "ಇದು ಇಲ್ಲಿಗೆ ಹೇಗೆ ಬಂತು?"

ಸಾಹೇಬರು ಕೂತರು. "ಮೀನಿನ ಬಲೆಗೆ ಸಿಕ್ಕಿತ್ತು. ಬೋಟು ಹೊರಟ ಮೂರು ದಿನಕ್ಕೆ."

"ಯಾರು ತಂದ್ರು?"

ಸಾಹೇಬರು ಮೇಜಿನ ಕಾಗದಗಳನ್ನು ಜೋಡಿಸತೊಡಗಿದರು. ಇನ್ಸ್‌ಪೆಕ್ಟರೇ ಹೇಳಿದಳು.

"ಆ ಹುಡುಗನೇ ತಂದ. ಮೂವತ್ತನೇ ತಾರೀಖು, ಸತ್ತ ದಿನ ಸಂಜೆ, ಈ ಕೋಣೆಗೆ. ಆಮೇಲೆ ಅವನ ಪಾಸು ಒಂದು ದಾರಿ ಹಿಡೀತು, ಅವನು ಒಂದು ದಾರಿ ಹಿಡಿದ."

ರಬ್ಬರಕ್ಕ ಅಳಲಿಲ್ಲ. ಬಿಲ್ಲೆಯ ಮೇಲೆ ಕಪ್ಪಿನ ತಳದ ಉಂಗುರ ಬಿದ್ದಿತ್ತು. ಸೆರಗಿನಿಂದ ಅದನ್ನು ತಿಕ್ಕತೊಡಗಿದಳು.

"ತಮ್ಮನ ವಿಷಯ ಆಮೇಲೆ ಮೇಡಂ," ಎಂದಳು. "ಅವನಿಗೆ ಇನ್ನೇನೂ ಆಗೋದಿಲ್ಲ. ಗಂಟೆ ಎಷ್ಟು?"

ಹನ್ನೆರಡೂ ಇಪ್ಪತ್ತೈದು.

* * *

ಸಾಹೇಬರು ಒಂದೇ ಷರತ್ತು ಹಾಕಿದರು. ಆ ಹೊತ್ತಿಗೆ ಅವರ ಹಣೆಯಲ್ಲಿ ಬೆವರಿತ್ತು, ದನಿಯಲ್ಲಿ ಮಾತ್ರ ಆಡಳಿತವಿತ್ತು.

"ಕಮಾಂಡಿಗೆ ಕಾರಣ ಬೇಕು. ಬರಹದಲ್ಲಿ. ಹದಿನೇಳನೇ ನಂಬರಿನವನು ಬರೆದುಕೊಡಲಿ: ಹೀಟರ್ ಹಚ್ಚದೆ ಬೆಸೆದೆ, ನನ್ನ ಸ್ವಂತ ಅಲಕ್ಷ್ಯ, ಯಾರಿಗೂ ಹೇಳಲಿಲ್ಲ. ಸಹಿ ಬಿದ್ದ ಕ್ಷಣ ಫೋನ್ ಮಾಡ್ತೀನಿ."

"ಹೀಟರಿನ ವೈರು ಕಿತ್ತವರು ಯಾರು?"

"ಇನ್ಸ್‌ಪೆಕ್ಟರ್, ನಿಮಗೆ ಸತ್ಯ ಬೇಕೋ, ಬೋಟು ಬೇಕೋ?"

ಕಿಡಿತಾತನನ್ನು ಒಳಗೆ ಕರೆದರು. ಸಾಹೇಬರು ಹೇಳುತ್ತ ಹೋದರು, ಅವನು ಬರೆಯುತ್ತ ಹೋದ. 'ಅಲಕ್ಷ್ಯ' ಎಂಬಲ್ಲಿ ನಿಂತು ತಲೆಯೆತ್ತಿದ.

"ಬೇಡ ತಾತ," ಎಂದಳು ಇನ್ಸ್‌ಪೆಕ್ಟರ್. "ನಿಮ್ಮನ್ನ ಜೈಲಿಗೆ ಹಾಕ್ತಾರೆ. ಆ ಹುಡುಗನ ಸಾವನ್ನೂ ನಿಮ್ಮ ತಲೆಗೇ ಕಟ್ತಾರೆ."

"ಕಟ್ಲಿ ಬಿಡಿ ಮೇಡಂ. ಮೂವತ್ತೆಂಟು ವರ್ಷ ಸಂಬಳಕ್ಕೆ ಸಹಿ ಹಾಕ್ದೆ, ಯಾರೂ ತಿರುಗಿ ನೋಡಿರ್ಲಿಲ್ಲ. ಇವತ್ತು ನನ್ ಸಹಿಗೆ ತೊಂಬತ್ತೇಳು ತಲೆ." ರಬ್ಬರಕ್ಕನ ಕಡೆ ನೋಡಿ ನಗಲು ಪ್ರಯತ್ನಿಸಿದ. "ನಿನ್ ಯಜಮಾನ್ರು ಬಂದ್ಮೇಲೆ ಜೈಲಿಗೆ ಊಟ ಕಳ್ಸೋಕೆ ಹೇಳು ತಾಯಿ. ಬೋಟಿನವರ ಅಡುಗೆ ಚೆನ್ನಾಗಿರತ್ತಂತೆ."

ಸಹಿ ಹಾಕಿದ. ಕೆಳಗೆ, ಅಭ್ಯಾಸಬಲದಿಂದ, 17 ಎಂದೂ ಬರೆದ.

ಸಾಹೇಬರು ಹಾಳೆಯನ್ನು ಓದಿ, ಮಡಿಸಿ, ಗಂಟೆ ಒತ್ತಿ, ಬಾಗಿಲಿಗೆ ಬಂದ ಭದ್ರತೆಯವನ ಕೈಗೆ ಕೊಟ್ಟರು. ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು. ಆಮೇಲೆ ಬಿಳಿ ಫೋನು ಎತ್ತಿದರು.

"ಸರ್, ತುರ್ತು. ಜಾಯಿಂಟು ಇನ್ನೂರ ಹನ್ನೆರಡು. ಮುಳುಗು ಪರೀಕ್ಷೆ ರದ್ದು ಮಾಡಿ. ಹೌದು ಸರ್. ಮೇಲೆ ಬರೋಕೆ ಹೇಳಿ. ಥ್ಯಾಂಕ್ಯೂ ಸರ್."

ಇಟ್ಟರು. "ಆಯ್ತು."

ಕಿಡಿತಾತ ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹನ್ನೆರಡೂ ಐವತ್ತೈದು. ಭದ್ರತೆಯವರು ಬಂದು ಅವನ ರಟ್ಟೆ ಹಿಡಿದರು. ಅವನು ಬಿಡಿಸಿಕೊಳ್ಳಲಿಲ್ಲ, ಹಗುರಾದವನ ಹಾಗೆ ಎದ್ದುಹೋದ. ಅವನ ಹೆಜ್ಜೆ ಮೆಟ್ಟಿಲಿಳಿಯಿತು.

"ಮೇಡಂ," ಎಂದಳು ರಬ್ಬರಕ್ಕ, ತುಂಬ ಮೆಲ್ಲಗೆ.

"ಏನಮ್ಮ?"

"ಆಗ ಫೋನು ಬಂದಾಗ ಹಸಿರು ದೀಪ ಹತ್ತಿತ್ತು. ಈಗ ಇವರು ಮಾತಾಡಿದ್ರಲ್ಲ... ಹತ್ತಲೇ ಇಲ್ಲ."

ಇನ್ಸ್‌ಪೆಕ್ಟರ್ ಮೇಜಿಗೆ ಹಾರಿ ಫೋನು ಕಿತ್ತುಕೊಂಡಳು. ಕಿವಿಗಿಟ್ಟಳು. ಕಲ್ಲಿಗೆ ಕಿವಿ ಇಟ್ಟ ಹಾಗಿತ್ತು. ಫೋನಿನ ಬದಿಯಲ್ಲೊಂದು ಸಣ್ಣ ಬೀಗದ ತೂತು. ಖಾಲಿ.

"ಕೀಲಿ ಎಲ್ಲಿ?"

"ನನ್ನ ಹತ್ತಿರ ಯಾವತ್ತೂ ಇರಲಿಲ್ಲ," ಎಂದರು ಸಾಹೇಬರು. ಅವರ ಮುಖದಲ್ಲಿ ಮೊದಲ ಬಾರಿಗೆ ಸುಳ್ಳಿರಲಿಲ್ಲ. "ಈ ಫೋನಿಗೆ ಬರತ್ತೆ. ಇಲ್ಲಿಂದ ಹೋಗಲ್ಲ."

"ಬೇರೆ ಫೋನು?"

"ಯಾರಿಗೆ ಮಾಡ್ತೀರಿ? ನಂಬರು ಯಾರಿಗೂ ಕೊಟ್ಟಿಲ್ಲ."

ರಬ್ಬರಕ್ಕ ಗಡಿಯಾರದ ಕೆಳಗೆ ಹೋಗಿ ನಿಂತಳು, ಅದರ ಮುಳ್ಳನ್ನು ಕಣ್ಣಿನಿಂದಲೇ ಹಿಡಿದು ನಿಲ್ಲಿಸುವವಳ ಹಾಗೆ. ಐವತ್ತಾರು. ಐವತ್ತೇಳು.

ಐವತ್ತೇಳೂವರೆಗೆ ಬಿಳಿ ಫೋನು ರಿಂಗಾಯಿತು. ಹಸಿರು ದೀಪ ಹತ್ತಿತು.

ಸಾಹೇಬರ ಕೈಯನ್ನು ಮೇಜಿಗೆ ಒತ್ತಿ ಹಿಡಿದು ಇನ್ಸ್‌ಪೆಕ್ಟರ್ ಎತ್ತಿಕೊಂಡಳು. ಮಾತಾಡಲಿಲ್ಲ. ಆಚೆಯಿಂದ ಊಟ ಮುಗಿಸಿದವರ ನಿಧಾನದ ದನಿ:

"ಹದಿನೇಳನೇ ನಂಬರಿನವನ ಸಹಿ ಆಯ್ತಾ?"

"ಆಯ್ತು," ಎಂದಳು. "ನೀವು ಕೇಳಿದ್ದು ನಿಮಗೆ ಸಿಕ್ತು. ಈಗ ಬೋಟಿಗೆ 'ಮೇಲೆ ಬಾ' ಅನ್ನಿ. ಎರಡು ನಿಮಿಷ ಇದೆ. ಸರಿಯಾಗಿ ಎರಡೇ ನಿಮಿಷ."

ಆಚೆ ಒಂದು ಉಸಿರು ಕೇಳಿಸಿತು. ಆಮೇಲೆ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಪಕ್ಕದವರಿಗೆ ಹೇಳುವ ಹಾಗೆ, "ಯಾರೋ ಹೆಂಗಸು ಎತ್ತಿದಾಳೆ."

ಪಕ್ಕದವರು ಏನೋ ಅಂದರು. ಕೇಳಿಸಲಿಲ್ಲ.

ದೀಪ ಆರಿತು.

"ಏನಂದ್ರು ಮೇಡಂ?" ರಬ್ಬರಕ್ಕ ತಿರುಗಲಿಲ್ಲ. ಬಿಲ್ಲೆಯನ್ನು ಮಗುವಿನ ಹಾಗೆ ಹೆಗಲಿಗೆ ಒರಗಿಸಿಕೊಂಡಿದ್ದಳು. "ಕಳಿಸ್ತಾರಂತಾ?"

ಅವಳ ತಲೆಯ ಮೇಲಿನ ಗಡಿಯಾರದಲ್ಲಿ, ಒಂದು ಗಂಟೆಗೆ ಒಂದೇ ನಿಮಿಷವಿತ್ತು.